ಲೀನಾಳ ಮನೆಯ ಒಂದೇ ಬಾಣಲೆ

ಊರು ಬಿಡುವ ಮುಂಚೆ

ಇಟಲಿಗೆ ಹೋಗಿ ಬಂದೆ ಅಂದಕೂಡಲೇ ಎಲ್ಲರೂ ಕೇಳುವುದು, ಅಲ್ಲಿ ಏನೇನು ನೋಡಿದೆ ಎಂದು. ನಿಜ ಹೇಳುತ್ತೇನೆ. ನಾನು ನೋಡಿದ್ದು ಒಂದು ಹೊಲಿಗೆ ಕೋಣೆ, ಒಂದು ಅಡುಗೆಮನೆ, ಅವೆರಡರ ನಡುವಿನ ಏರುದಾರಿ. ಹದಿನೈದು ದಿನ ಇದ್ದೆ. ಮೈಕೈ ನೋಯದೆ ಮಲಗಿದ ದಿನ ಒಂದೂ ನೆನಪಿಲ್ಲ.

ನನ್ನ ಹೆಸರು ತಿಪ್ಪಮ್ಮ, ರಾಯದುರ್ಗದವಳು. ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ ಜೀನ್ಸ್ ಹೊಲಿಯುವ ಮಶೀನಿನ ಸದ್ದು. ಹದಿನಾರಕ್ಕೆ ಕಾಜಾ ಹಾಕಲು ಕೂತವಳು ನಾನು. ಜೇಬು, ಜಿಪ್ಪು, ಸೊಂಟಪಟ್ಟಿ ಎಲ್ಲ ಕಲಿತೆ. ಮಡಕಶಿರದಿಂದ ಹಿಂದೂಪುರಕ್ಕೆ ಹೋಗುವ ರಸ್ತೆಯಲ್ಲಿ ದೊಡ್ಡ ಗಾರ್ಮೆಂಟ್ಸ್ ಶುರುವಾದಾಗ ಮಡಕಶಿರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಅಲ್ಲಿ ಸ್ಯಾಂಪಲ್ ಟೈಲರ್ ಆದೆ. ಸಾವಿರಾರು ಪ್ಯಾಂಟು ಹೊಲಿಯುವ ಮುಂಚೆ ಮೊದಲನೆಯದನ್ನು ಹೊಲಿದು ತೋರಿಸುವುದು ನನ್ನ ಕೆಲಸ.

ಒಂದು ಆರ್ಡರು ನಮಗೆ ಒಲಿಯಲೇ ಇಲ್ಲ. ಪ್ಯಾಂಟಿನ ಹಿಂಬದಿಯಲ್ಲಿ, ಸೊಂಟದ ಕೆಳಗೆ ಬಿಲ್ಲಿನ ಹಾಗೆ ಬಾಗಿದ ಒಂದು ಜೋಡಿ ಮಡಿಕೆಯ ಹೊಲಿಗೆ. ಬಟ್ಟೆ ದಪ್ಪ, ತಿರುವು ಚಿಕ್ಕದು. ನಾವು ಯಾರು ಹೊಲಿದರೂ ತಿರುವಿನಲ್ಲಿ ಸುಕ್ಕು ಬರುತ್ತಿತ್ತು. ಕಳಿಸಿದ ಮೂರು ಸ್ಯಾಂಪಲ್ಲೂ ವಾಪಸ್ ಬಂದವು. ಕೊನೆಗೆ ಇಟಲಿಯಿಂದ ಕೊಳ್ಳುವವರೇ ಹೇಳಿ ಕಳಿಸಿದರು: ಇದನ್ನು ಹೊಲಿಯುವವರು ಇಲ್ಲೇ ಇದ್ದಾರೆ, ಇಬ್ಬರು ಬಂದು ಕಲಿತುಕೊಂಡು ಹೋಗಲಿ.

ಹೊಲಿಗೆಗೆ ನಾನು, ಬಟ್ಟೆ ಒಗೆದು ಬಣ್ಣ ಇಳಿಸುವ ಕೆಲಸಕ್ಕೆ ವಾಷಿಂಗ್ ಮಾಸ್ಟರ್ ನಾಗರಾಜಪ್ಪ. ಅವರು ಮಡಕಶಿರದವರೇ, ಐವತ್ತು ದಾಟಿದವರು. ಶಿವಪೂಜೆ ಮಾಡದೆ ನೀರು ಮುಟ್ಟದವರು. ಇಂಗ್ಲಿಷು ಅಷ್ಟಿಷ್ಟು ಬರುತ್ತಿತ್ತು. ನನಗೆ ಕನ್ನಡ, ತೆಲುಗು ಬಿಟ್ಟರೆ ಹೊಲಿಗೆ ಮಾತ್ರ.

ಮೊದಲ ದಿನ: ಬಾರದ ಪೆಟ್ಟಿಗೆ

ಎರಡು ವಿಮಾನ, ಒಂದು ರೈಲು, ಒಂದು ಬಸ್ಸು. ಆ ಸಮುದ್ರದ ಊರಿಗೆ ಮುಟ್ಟುವ ಹೊತ್ತಿಗೆ ನನ್ನ ಕಾಲು ಬಾತು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ನನ್ನ ಪೆಟ್ಟಿಗೆ ಬಂತು, ನಾಗರಾಜಪ್ಪನವರದು ಬರಲಿಲ್ಲ. ಅವರ ಪಂಚೆ, ವಿಭೂತಿ, ಹುರಿಟ್ಟು, ಶೇಂಗಾ ಚಟ್ನಿಪುಡಿ, ಗಡ್ಡ ಹೆರೆಯುವ ಸಾಮಾನು ಎಲ್ಲವೂ ಅದರಲ್ಲೇ.

"ಲಿಂಗ ಒಂದು ಕತ್ನಾಗೇ ಐತೆ, ಅದೊಂದ್ ಪುಣ್ಯ," ಎಂದು ಅಂಗಿಯ ಮೇಲಿಂದಲೇ ಮುಟ್ಟಿ ನೋಡಿಕೊಂಡರು.

ನಮಗೆ ಇಳಿದುಕೊಳ್ಳಲು ಕೊಟ್ಟಿದ್ದು ಲೀನಾ ಎಂಬ ಹೆಂಗಸಿನ ಮನೆ. ಅರವತ್ತರ ಹತ್ತಿರದವಳು, ಗಂಡ ಸತ್ತು ಬಹಳ ವರ್ಷವಾಗಿತ್ತು. ಅವಳೇ ಆ ಹೊಲಿಗೆ ಕೋಣೆಯ ಹಿರಿಯ ಟೈಲರ್. ನಾನು ಕಲಿಯಬೇಕಾಗಿದ್ದೂ ಅವಳಿಂದಲೇ. ಬಾಗಿಲು ತೆಗೆದವಳು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು, ನಗಲಿಲ್ಲ. ನನ್ನ ಬಲಗೈ ಹಿಡಿದು ತಿರುಗಿಸಿ ತೋರುಬೆರಳಿನ ತುದಿ ಸವರಿದಳು. ಸೂಜಿ ಚುಚ್ಚಿ ಚುಚ್ಚಿ ಅಲ್ಲಿ ಗಟ್ಟಿಯಾಗಿದೆ. ತನ್ನ ಬೆರಳನ್ನೂ ನನ್ನ ಕೈಗೆ ಒತ್ತಿ ತೋರಿಸಿದಳು. ಆಮೇಲೆ ಒಳಗೆ ಕರೆದಳು.

ಮಾತಿಗೆ ಇದ್ದದ್ದು ಅವಳ ಫೋನು. ಅವಳು ತನ್ನ ಭಾಷೆಯಲ್ಲಿ ಏನಾದರೂ ಹೇಳಿದರೆ ಅದು ಕನ್ನಡದಲ್ಲಿ ಓದುತ್ತಿತ್ತು. ಆ ಕನ್ನಡವೋ, ಶಾಲೆಯ ಪಾಠ ಒಪ್ಪಿಸುವ ಹುಡುಗಿಯ ಹಾಗೆ.

"ಸ್ನಾನಗೃಹವು ಎಡಕ್ಕಿದೆ. ನೀವು ದಣಿದ ಪ್ರಾಣಿಗಳಂತೆ ಕಾಣುತ್ತೀರಿ," ಎಂದಿತು ಫೋನು.

ನಾನೂ ನಾಗರಾಜಪ್ಪನವರೂ ಮುಖ ಮುಖ ನೋಡಿಕೊಂಡೆವು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಎರಡನೇ ದಿನ: ಕಪ್ಪೆಚಿಪ್ಪು

ಹೊಲಿಗೆ ಕೋಣೆ ಗುಡ್ಡದ ಕೆಳಗೆ, ಬಂದರಿನ ಹಿಂದೆ. ಇಪ್ಪತ್ತೆರಡು ಮಶೀನಿದ್ದವು. ನಡೆಯುತ್ತಿದ್ದದ್ದು ಮೂರು. ಲೀನಾ, ಇನ್ನಿಬ್ಬರು ಹೆಂಗಸರು. ಉಳಿದವಕ್ಕೆ ಬಟ್ಟೆ ಹೊದಿಸಿತ್ತು. ನಮ್ಮ ಕಡೆ ಒಂದು ಮಶೀನು ಖಾಲಿಯಾದರೆ ಮಧ್ಯಾಹ್ನದೊಳಗೆ ಇನ್ನೊಬ್ಬರು ಬಂದು ಕೂರುತ್ತಾರೆ. ಇಲ್ಲಿ ಹತ್ತೊಂಬತ್ತು ಯಾಕೆ ಖಾಲಿ ಎಂದು ಆಗ ನನಗೆ ಹೊಳೆಯಲಿಲ್ಲ. ಎಲ್ಲರೂ ರಜೆ ಹಾಕಿರಬೇಕು ಅಂದುಕೊಂಡೆ.

ಬೆಳಿಗ್ಗೆಯಿಂದ ಸಂಜೆವರೆಗೆ ಲೀನಾಳ ಪಕ್ಕ ಕೂತು ಅವಳ ಕೈ ನೋಡಿದೆ. ಎಡಗೈಯ ಎರಡು ಬೆರಳು ಬಟ್ಟೆಯ ಮೇಲೆ, ಬಲಗೈ ಹಿಂದೆ. ತಿರುವು ಬಂದಾಗ ಬಟ್ಟೆ ತಾನಾಗಿಯೇ ಹೊರಳಿದ ಹಾಗೆ ಹೊರಳುತ್ತಿತ್ತು. ಪಕ್ಕದ ಮಶೀನಿನ ಹೊದಿಕೆ ತೆಗೆದು ಕೂತು ನಾನೂ ಹಾಗೇ ಹಿಡಿದೆ, ಹಾಗೇ ಬಿಟ್ಟೆ, ಸುಕ್ಕು ಬಂತು. ಬಿಚ್ಚಿದೆ, ಹೊಲಿದೆ, ಮತ್ತೆ ಸುಕ್ಕು. ಹನ್ನೆರಡು ಸಲ ಬಿಚ್ಚಿದೆ.

ಸಂಜೆ ಅವಳು ಬಂದರಿನಲ್ಲಿ ಒಂದು ಬಲೆಚೀಲದ ತುಂಬ ಕಪ್ಪು ಚಿಪ್ಪು, ಒಂದು ಕಾಗದದಲ್ಲಿ ಸೀಗಡಿ ಕಟ್ಟಿಸಿಕೊಂಡಳು. ನಮ್ಮ ಕಡೆ ಕೆರೆ ತುಂಬಿದರೆ ಊರಿನವರೆಲ್ಲ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಇಲ್ಲಿ ಅಷ್ಟು ದೊಡ್ಡ ಸಮುದ್ರ ಬಿದ್ದಿದೆ, ಒಬ್ಬರೂ ತಲೆಯೆತ್ತಿ ನೋಡುವುದಿಲ್ಲ. ಲೀನಾಳಂತೂ ಅದಕ್ಕೆ ಬೆನ್ನು ಹಾಕಿ ಏರು ಹತ್ತಿದಳು.

ಮನೆಗೆ ಬಂದವಳು ಚಪ್ಪಲಿ ಸಹ ಬಿಡದೆ ಒಲೆ ಹಚ್ಚಿದಳು. ಅಗಲವಾದ, ತಳ ಕಪ್ಪಾದ ಬಾಣಲೆ. ಆಲಿವ್ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಮುರಿದ ಒಂದು ಒಣಮೆಣಸಿನಕಾಯಿ. ಆ ವಾಸನೆ ಬಂದಾಗ ನಾನು ಒಲೆಯ ಹತ್ತಿರಕ್ಕೆ ಸರಿದೆ. ಅದು ನಮ್ಮ ಮನೆಯ ವಾಸನೆಯೇ.

"ಗಡ್ಡವನ್ನು ಎಳೆದು ಕಿತ್ತುಹಾಕಿ," ಎಂದಿತು ಫೋನು.

ನಾಗರಾಜಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ಗಡ್ಡ ಹೆರೆದು ಮೂರು ದಿನವಾಗಿತ್ತು. ಲೀನಾ ಒಂದು ಚಿಪ್ಪು ಎತ್ತಿ ಹಿಡಿದಳು. ಅದರ ಅಂಚಿನಲ್ಲಿ ನಾರಿನ ಎಳೆಗಳು ಜೋತಾಡುತ್ತಿದ್ದವು. ಅದೇ ಗಡ್ಡ. ಅವಳು ಎಳೆದು ತೋರಿಸಿದಳು, ನಾನೂ ಕಿತ್ತೆ. ನಾವು ಮಟನ್ ತಿನ್ನುವವರು, ಕೆರೆಯ ಮೀನೂ ತಿನ್ನುತ್ತೇವೆ. ಆದರೆ ಚಿಪ್ಪು? ಕೆರೆ ಬತ್ತಿದಾಗ ಮಕ್ಕಳು ಆರಿಸಿ ಆಡುವ ಸಾಮಾನು ಅದು.

ಚಿಪ್ಪುಗಳನ್ನು ಬಾಣಲೆಗೆ ಸುರಿದಳು. ಹೆಚ್ಚಿದ ಚಿಕ್ಕ ಟೊಮ್ಯಾಟೊ ಹಾಕಿದಳು. ಬೇಯಿಸದ ಉದ್ದ ಪಾಸ್ತಾವನ್ನು, ನಮ್ಮ ಶಾವಿಗೆಯನ್ನು ಇನ್ನೂ ದಪ್ಪ ಮಾಡಿದ ಹಾಗಿರುತ್ತದೆ ಅದು, ಹಾಗೆಯೇ ಅದರ ಮೇಲೆ ಅಡ್ಡ ಮಲಗಿಸಿದಳು. ಎರಡು ಚೊಂಬು ಬಿಸಿನೀರು ಹೊಯ್ದು ಮುಚ್ಚಿದಳು. ಬಸಿಯುವುದಿಲ್ಲ, ಒಗ್ಗರಣೆ ಬೇರೆ ಇಲ್ಲ, ಸಾರು ಬೇರೆ ಇಲ್ಲ. ಚಿಪ್ಪುಗಳು ಟಕ್ ಟಕ್ ಎಂದು ಬಾಯಿ ಬಿಡುವುದು ಕೇಳುತ್ತಿತ್ತು. ಬಾಯಿ ಬಿಟ್ಟವನ್ನು ಇಕ್ಕಳದಿಂದ ಎತ್ತಿ ಪಕ್ಕಕ್ಕಿಟ್ಟಳು. ಪಾಸ್ತಾ ಮೆತ್ತಗಾಗಿ ನೀರು ಕುಡಿದು ಗಟ್ಟಿಯಾದ ಮೇಲೆ ಸೀಗಡಿ ಹಾಕಿ, ಅವು ಕೆಂಪಾಗುತ್ತಲೇ ಚಿಪ್ಪು ವಾಪಸ್ ಹಾಕಿ ಒಮ್ಮೆ ಕುಲುಕಿ ಇಳಿಸಿದಳು. ನಮ್ಮ ಮನೆಯಲ್ಲಿ ಮುದ್ದೆಗೆ ಎಸರು ಕಾಯುವ ಹೊತ್ತಿಗೆ ಇವಳ ಅಡುಗೆಯೇ ಮುಗಿದಿತ್ತು.

ಬಾಣಲೆಯನ್ನೇ ತಂದು ಮೇಜಿನ ನಡುವೆ ಇಟ್ಟಳು. "ಇಡೀ ದಿನ ಹೊಲಿದ ಹೆಂಗಸು ಎರಡು ಪಾತ್ರೆ ತೊಳೆಯಬಾರದು," ಎಂದಿತು ಫೋನು.

ನಾಗರಾಜಪ್ಪ ಬ್ರೆಡ್ಡು ಮುರಿದುಕೊಂಡು ಕಿಟಕಿ ಹತ್ತಿರ ಕೂತರು.

"ಯಾಕ್ರಿ ಅಣ್ಣಾ, ಟೊಮ್ಯಾಟೊನಾದ್ರೂ ಒಂದೀಟು ಉಣ್ರಿ," ಅಂದೆ.

"ಆ ಬಾಣ್ಲೀಲಿ ಬೆಂದಿದ್ದು ನಂಗೆ ಸೇರಾದಿಲ್ಲ ಕಣಮ್ಮ. ಅವ್ರು ಬೇಜಾರ್ ಮಾಡ್ಕತಾರೆ, ಹೊಟ್ಟೆ ಸರಿಯಿಲ್ಲ ಅಂತ ಹೇಳು."

ನಾನು ಸುಳ್ಳು ಹೇಳಲಿಲ್ಲ. ಫೋನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅದು ಏನೆಂದು ತಿರುಗಿಸಿತೋ, ಲೀನಾ ತನ್ನ ತಟ್ಟೆ ಪಕ್ಕಕ್ಕೆ ಸರಿಸಿದಳು. ಎದ್ದು ಕಪಾಟಿನ ಮೇಲಿಂದ ಒಂದು ಪುಟ್ಟ ಹಾಲಿನ ಪಾತ್ರೆ ತೆಗೆದಳು. ಮೂಗಿನ ಹತ್ತಿರ ಹಿಡಿದು ಮೂಸಿದಳು, ನನಗೆ ಮೂಸಲು ಕೊಟ್ಟಳು, ಅವರಿಗೂ ಕೊಟ್ಟಳು. ಅದರಲ್ಲಿ ಟೊಮ್ಯಾಟೊ, ಬೆಳ್ಳುಳ್ಳಿ, ಪಾಸ್ತಾ ಬೇಯಿಸಿ ಅವರ ಮುಂದಿಟ್ಟಳು. ತೊಳೆಯುವ ಪಾತ್ರೆ ಅವತ್ತು ಎರಡಾಯಿತು.

ನಾನು ಮೊದಲ ಚಿಪ್ಪು ಬಾಯಿಗಿಟ್ಟಾಗ ಕಣ್ಣು ಮುಚ್ಚಿಕೊಂಡೆ. ಮೆತ್ತಗಿತ್ತು, ಉಪ್ಪುಪ್ಪಾಗಿತ್ತು. ನಾಲ್ಕನೆಯದಕ್ಕೆ ಕಣ್ಣು ಬಿಟ್ಟುಕೊಂಡೇ ತಿಂದೆ. ಸುಸ್ತಾದವರಿಗೆ ಬಿಸಿ ಊಟ ಯಾವುದಾದರೂ ಒಗ್ಗುತ್ತದೆ.

ಎಂಟನೇ ದಿನ: ಮೇಜಿನ ಕೆಳಗೆ

ದಿನಗಳು ಒಂದರ ಹಾಗೆ ಒಂದು. ಏಳುವುದು, ಇಳಿಯುವುದು, ಹೊಲಿಯುವುದು, ಬಿಚ್ಚುವುದು, ಹತ್ತುವುದು. ವಾರಕ್ಕೆ ಮೂರು ದಿನ ಅದೇ ಬಾಣಲೆ, ಉಳಿದ ದಿನ ಬ್ರೆಡ್ಡು. ನಾಗರಾಜಪ್ಪನವರ ಪೆಟ್ಟಿಗೆ ಆರನೇ ದಿನ ಬಂತು. ಚಟ್ನಿಪುಡಿಯ ಡಬ್ಬಿ ಒಡೆದು ಪಂಚೆಗಳೆಲ್ಲ ಕೆಂಪಾಗಿದ್ದವು. ಅವನ್ನು ಕೊಡವಿ ಉಟ್ಟುಕೊಂಡು ಎರಡು ದಿನ ಸೀನಿದರು.

ನನ್ನ ಹೊಲಿಗೆ ಮಾತ್ರ ಸರಿಯಾಗಲಿಲ್ಲ. ಲೀನಾ ನನ್ನ ಕೈ ಹಿಡಿದು ತೋರಿಸುತ್ತಿದ್ದಳು, ನಿಧಾನವಾಗಿ ಹೊಲಿದು ತೋರಿಸುತ್ತಿದ್ದಳು. ಎಲ್ಲ ಸರಿಯಿತ್ತು, ಸುಕ್ಕೊಂದು ಬಿಟ್ಟು. ಇಪ್ಪತ್ತೈದು ವರ್ಷ ಮಶೀನಿನ ಮುಂದೆ ಕೂತವಳು ನಾನು. ನನಗೆ ಬರದ ಹೊಲಿಗೆ ಇದೆಯೆಂದು ಒಪ್ಪಿಕೊಳ್ಳುವುದು ಬೆನ್ನುನೋವಿಗಿಂತ ಕಷ್ಟವಾಯಿತು.

ಎಂಟನೇ ದಿನ ನನ್ನ ದಾರದ ಬಾಬಿನ್ ಕೈಜಾರಿ ಕೆಳಗೆ ಉರುಳಿತು. ಎತ್ತಿಕೊಳ್ಳಲು ಬಗ್ಗಿದೆ. ಲೀನಾ ಹೊಲಿಯುತ್ತಲೇ ಇದ್ದಳು.

ನಮ್ಮ ಮಶೀನುಗಳ ಹಲಗೆಯ ಕೆಳಗೆ, ಬಲಮೊಣಕಾಲಿನ ಹತ್ತಿರ, ಒಂದು ಕಬ್ಬಿಣದ ತಟ್ಟೆಯಿರುತ್ತದೆ. ಮೊಣಕಾಲಿನಿಂದ ಅದನ್ನು ಒತ್ತಿದರೆ ಬಟ್ಟೆಯನ್ನು ಒತ್ತಿ ಹಿಡಿದ ಮಶೀನಿನ ಪಾದ ಮೇಲೇಳುತ್ತದೆ. ನಾವು ಒತ್ತುವುದು ಮಶೀನು ನಿಲ್ಲಿಸಿ ಬಟ್ಟೆ ತೆಗೆಯುವಾಗ. ಲೀನಾ ಮಶೀನು ಓಡುತ್ತಿರುವಾಗಲೇ, ತಿರುವು ಬಂದಾಗ ಮಾತ್ರ, ಕೂದಲೆಳೆಯಷ್ಟು ಒತ್ತಿ ಬಿಡುತ್ತಿದ್ದಳು. ಬಟ್ಟೆಗೆ ಅಷ್ಟೇ ಉಸಿರು ಸಿಕ್ಕಿ ತಾನೇ ಹೊರಳುತ್ತಿತ್ತು. ಒಂದು ವಾರ ನಾನು ಅವಳ ಕೈ ನೋಡುತ್ತಿದ್ದೆ. ವಿದ್ಯೆ ಇದ್ದದ್ದು ಮೊಣಕಾಲಿನಲ್ಲಿ.

ಬಾಬಿನ್ ಎತ್ತಿಕೊಂಡು ಏನೂ ನೋಡದವಳ ಹಾಗೆ ಕೂತೆ. ಮಧ್ಯಾಹ್ನ ಅವಳು ಹೊರಗೆ ಹೋದಾಗ ಒಂದು ತುಂಡಿನ ಮೇಲೆ ಹಾಗೇ ಹೊಲಿದು ನೋಡಿದೆ. ಮೂರನೇ ಸಲಕ್ಕೆ ಸುಕ್ಕಿಲ್ಲದೆ ಬಂತು. ತುಂಡನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡೆ. ಯಾರಿಗಾದರೂ ಹೇಳಬೇಕೆಂದು ನಾಗರಾಜಪ್ಪನವರನ್ನು ಹುಡುಕಿಕೊಂಡು ಹಿತ್ತಲಿಗೆ ಹೋದೆ. ಅವರು ಒಂದು ಕಟ್ಟೆಯ ಮೇಲೆ ಮುಖ ಚಿಕ್ಕದು ಮಾಡಿಕೊಂಡು ಕೂತಿದ್ದರು.

"ಯಾಕ್ರಿ, ಏನಾತು?"

"ಇಲ್ಲಿನ ಯಜಮಾನ್ರ ಜೊತೆ ಮಾತಾಡ್ದೆ ಕಣಮ್ಮ. ನಾವು ಕಲ್ತ್ಕಂಡು ಹೋದ್ಮೇಲೆ ಇದನ್ನ ಮುಚ್ಚಾಕ್ತಾರಂತೆ. ಈ ಮೂರು ಜನ ಉಳಿದಿರಾದೇ ಆ ಒಂದ್ ಹೊಲಿಗೆಗೆ. ಅದು ನಿನ್ ಕೈಗೆ ಬಂದ್ರೆ ಇವ್ರು ಮನೆಗೆ."

"ಲೀನಾಗ ಗೊತ್ತೈತೇನ್ರಿ?"

"ಅದನ್ನ ನಾನ್ ಹೆಂಗಮ್ಮ ಕೇಳ್ಲಿ?"

ರವಿಕೆಯೊಳಗಿನ ತುಂಡು ಚುಚ್ಚುತ್ತಿತ್ತು. ತಂದ ಸುದ್ದಿಯನ್ನು ಅವರಿಗೆ ಹೇಳದೆ ವಾಪಸ್ ಬಂದೆ.

ಹನ್ನೊಂದನೇ ದಿನ: ನನ್ನ ಅಡುಗೆ

ಮೂರು ದಿನ ಹೊಲಿಗೆಯನ್ನು ಬೇಕೆಂದೇ ಕೆಡಿಸಿದೆ. ಕೆಡಿಸುವುದು ಸುಲಭ ಅಂದುಕೊಂಡಿದ್ದೆ. ಅಲ್ಲ. ಮೊಣಕಾಲು ಒಮ್ಮೆ ಕಲಿತ ಮೇಲೆ ಅದನ್ನು ಬಿಗಿಹಿಡಿದು ಕೂರಬೇಕು. ಸಂಜೆಗೆ ತೊಡೆ ನಡುಗುತ್ತಿತ್ತು. ನಮ್ಮ ಗಾರ್ಮೆಂಟ್ಸಿನ ಹೆಂಗಸರು ಕಣ್ಣ ಮುಂದೆ ಬರುತ್ತಿದ್ದರು. ಈ ಆರ್ಡರು ಬಂದರೆ ಅವರಲ್ಲಿ ಹತ್ತು ಮಂದಿಗೆ ವರ್ಷವಿಡೀ ಕೆಲಸ. ಪಕ್ಕಕ್ಕೆ ತಿರುಗಿದರೆ ಲೀನಾ. ಎರಡೂ ಕಡೆಯಿಂದ ನನ್ನನ್ನು ಎಳೆದ ಹಾಗಾಗುತ್ತಿತ್ತು.

ಹನ್ನೊಂದನೇ ದಿನ ಮನೆಗೆ ಬಂದ ಲೀನಾ ಕುರ್ಚಿಯ ಮೇಲೆ ಕೂತವಳು ಏಳಲೇ ಇಲ್ಲ. ಎರಡೂ ಪಾದ ಎದುರಿನ ಕುರ್ಚಿಯ ಮೇಲಿಟ್ಟು ಕಣ್ಣು ಮುಚ್ಚಿದಳು. ಚಿಪ್ಪಿನ ಚೀಲ ತೊಟ್ಟಿಯಲ್ಲಿತ್ತು. ನಾನೇ ಬಾಣಲೆ ಇಟ್ಟೆ.

ಎಣ್ಣೆ, ಬೆಳ್ಳುಳ್ಳಿ. ಮೆಣಸಿನಕಾಯಿ ಒಂದರ ಬದಲು ಮೂರು ಮುರಿದು ಹಾಕಿದೆ. ಗಡ್ಡ ಕಿತ್ತು ಚಿಪ್ಪು ತೊಳೆದೆ. ಬಾಯಿ ಬಿಟ್ಟುಕೊಂಡು ಬಂದಿದ್ದ ಎರಡನ್ನು ಬೆರಳಿನಿಂದ ತಟ್ಟಿದೆ. ಮುಚ್ಚಿಕೊಳ್ಳಲಿಲ್ಲ, ಅಂದರೆ ಸತ್ತಿವೆ, ಬಿಸಾಡಿದೆ. ಟೊಮ್ಯಾಟೊ, ಪಾಸ್ತಾ, ಬಿಸಿನೀರು. ಕೈ ಅಭ್ಯಾಸಬಲದಿಂದ ಒಂದು ಹಿಡಿ ಉಪ್ಪು ಹಾಕಿತು. ಮುಚ್ಚಿದ ಮೇಲೆ ನೆನಪಾಯಿತು, ಲೀನಾ ಯಾವತ್ತೂ ಉಪ್ಪು ಹಾಕಿದ್ದೇ ಇಲ್ಲ. ಚಿಪ್ಪಿನೊಳಗೆ ಸಮುದ್ರದ ನೀರಿರುತ್ತದಲ್ಲ. ರುಚಿ ನೋಡಿದೆ, ನಾಲಿಗೆ ಉರಿಯಿತು. ಇನ್ನಷ್ಟು ಟೊಮ್ಯಾಟೊ ಹಾಕಿದೆ, ನೀರು ಹಾಕಿದೆ, ಪಾಸ್ತಾ ಮುದ್ದೆಯಾಯಿತು. ಸೀಗಡಿ ಹಾಕಿ ಇಳಿಸುವಷ್ಟರಲ್ಲಿ ಅದು ಪಾಸ್ತಾವೂ ಅಲ್ಲ, ನಮ್ಮ ಉಪ್ಪಿಟ್ಟೂ ಅಲ್ಲ.

ನಾಗರಾಜಪ್ಪ ತಮ್ಮ ಪುಟ್ಟ ಪಾತ್ರೆಯಲ್ಲಿ ತಾವೇ ಏನೋ ಬೇಯಿಸಿಕೊಂಡು ಆಗಲೇ ಉಂಡು ಮಲಗಿದ್ದರು. ನಾವಿಬ್ಬರೇ. ಬೇಸಿಗೆಯಾದ್ದರಿಂದ ಏಳು ಗಂಟೆಯಾದರೂ ಕಿಟಕಿಯ ಆಚೆ ಇನ್ನೂ ಬಿಸಿಲಿತ್ತು. ಲೀನಾ ಒಂದು ತುತ್ತು ತಿಂದಳು, ಒಂದು ಲೋಟ ನೀರು ಕುಡಿದಳು. ಮತ್ತೊಂದು ತುತ್ತು ತಿಂದಳು. ಆಮೇಲೆ ಫೋನನ್ನು ನಮ್ಮಿಬ್ಬರ ನಡುವೆ ಇಟ್ಟು ಮೆಲ್ಲಗೆ ಮಾತಾಡಿದಳು.

"ಇದು ಪ್ರಾಮಾಣಿಕವಾಗಿ ಕೆಟ್ಟಿದೆ," ಎಂದಿತು ಫೋನು. "ಆದರೆ ನಿನ್ನ ಹೊಲಿಗೆ ಮೂರು ದಿನಗಳಿಂದ ಸುಳ್ಳಾಗಿ ಕೆಟ್ಟಿದೆ. ನಿನ್ನ ಮೊಣಕಾಲಿಗೆ ತಿಳಿದಿದೆ. ನಾನು ನೋಡಿದೆನು."

ಮುಳ್ಳುಚಮಚ ಕೆಳಗಿಟ್ಟೆ. ಫೋನಿನ ಹತ್ತಿರ ಬಾಗಿದೆ. "ನಾ ಚೆಂದ ಹೊಲದ್ರ ನಿಮ್ಮ ಕೆಲ್ಸ ಹೋಗತೈತಂತ್ರಿ. ನನಗ ಗೊತ್ತಿರಲಿಲ್ರಿ. ಗೊತ್ತಿದ್ರ ಬರ್ತಿದ್ದಿಲ್ಲ."

ಫೋನಿಗೆ ನಮ್ಮ ಕಡೆಯ ಮಾತು ಅರ್ಥವಾಗಲಿಲ್ಲ. ಪುಸ್ತಕದ ಕನ್ನಡದಲ್ಲಿ ಮತ್ತೆ ಹೇಳಿದೆ. ಈ ಸಲ ಲೀನಾ ಕೇಳಿಸಿಕೊಂಡಳು. ಆಶ್ಚರ್ಯ ಪಡಲಿಲ್ಲ. ಬಹಳ ಹೊತ್ತು ಮಾತಾಡಿದಳು. ಫೋನು ತುಂಡು ತುಂಡಾಗಿ ಓದಿತು.

"ನನಗೆ ಚಳಿಗಾಲದಿಂದಲೂ ತಿಳಿದಿದೆ. ಕಟ್ಟಡವನ್ನು ಮಾರಲಾಗಿದೆ. ನೀನು ಕಲಿತರೂ ಕಲಿಯದಿದ್ದರೂ ಬಾಗಿಲು ಮುಚ್ಚುತ್ತದೆ. ನಾನು ಮೊಣಕಾಲನ್ನು ಮರೆಮಾಡಿದೆನು, ಅದು ಸತ್ಯ. ಕೋಪವಿತ್ತು. ನಿನ್ನ ಮೇಲಲ್ಲ, ಆದರೆ ಪಕ್ಕದಲ್ಲಿ ಕುಳಿತವಳು ನೀನೇ."

ಚಿಪ್ಪೊಂದನ್ನು ಖಾಲಿ ಮಾಡಿ ಪಕ್ಕಕ್ಕಿಟ್ಟಳು.

"ನೀನು ಕೆಟ್ಟದಾಗಿ ಹೊಲಿದು ಹಿಂತಿರುಗಿದರೆ ಅವರು ಇನ್ನೊಂದು ದೇಶದಿಂದ ಇನ್ನೊಬ್ಬಳನ್ನು ಕರೆಯುತ್ತಾರೆ. ಮತ್ತು ಲೀನಾಗೆ ಕಲಿಸಲು ಬರುವುದಿಲ್ಲ ಎಂದು ಹೇಳುತ್ತಾರೆ. ಮೂವತ್ತೊಂದು ವರ್ಷಗಳ ನಂತರ ಅದನ್ನು ನಾನು ಕೇಳಲಾರೆ."

ನಾನು ಅತ್ತೆ. ಅವಳಿಗಾಗಿ ಅತ್ತೆನೋ ನನ್ನ ಸುಸ್ತಿಗೆ ಅತ್ತೆನೋ ಗೊತ್ತಿಲ್ಲ. ಅವಳು ಸಮಾಧಾನ ಮಾಡಲಿಲ್ಲ. ನನ್ನ ಕುರ್ಚಿಯ ಪಕ್ಕಕ್ಕೆ ತನ್ನ ಕುರ್ಚಿ ಎಳೆದುಕೊಂಡು, ಮೇಜಿನ ಕೆಳಗೆ ತನ್ನ ಬಲಮೊಣಕಾಲನ್ನು ನನ್ನದಕ್ಕೆ ತಾಗಿಸಿ, ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂದು ತೋರಿಸಿದಳು. ನಾನು ಅಂದುಕೊಂಡಿದ್ದಕ್ಕಿಂತಲೂ ಕಡಿಮೆ. ಒತ್ತಿದೆವೋ ಇಲ್ಲವೋ ಅನ್ನುವಷ್ಟು. ಹಾಗೆ ಮಾಡುತ್ತಲೇ ಆ ಉಪ್ಪು ಮುದ್ದೆಯನ್ನು ಇಬ್ಬರೂ ತಳದವರೆಗೆ ತಿಂದೆವು. ಬಿಸಾಡಿ ಮತ್ತೊಂದು ಮಾಡುವ ಶಕ್ತಿ ಯಾರಿಗಿತ್ತು?

ಹದಿನಾಲ್ಕನೇ ದಿನ: ಎರಡು ಪ್ಯಾಂಟು

ಕೊನೆಯ ಕೆಲಸದ ದಿನ ಯಜಮಾನರು ಬಂದರು. ಎತ್ತರದ, ಬೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ಕೆಟ್ಟವರೇನಲ್ಲ. ನಾಗರಾಜಪ್ಪನವರ ಕೈ ಎರಡು ಸಲ ಕುಲುಕಿದರು. ಮೇಜಿನ ಮೇಲೆ ಎರಡು ಪ್ಯಾಂಟಿದ್ದವು. ಎಡಗಡೆಯದು ನಾನು ಹೊಲಿದದ್ದು, ಬಲಗಡೆಯದು ಲೀನಾ ಹೊಲಿದದ್ದು. ಯಾವುದು ಯಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕನ್ನಡಕ ಒರೆಸಿಕೊಂಡು ಎರಡನ್ನೂ ಬೆಳಕಿಗೆ ಹಿಡಿದರು. ತಿರುವಿನ ಮೇಲೆ ಬೆರಳು ಆಡಿಸಿದರು. ನನ್ನದನ್ನು ಮೇಲೆತ್ತಿ ಏನೋ ಹೇಳಿದರು. ನಾಗರಾಜಪ್ಪ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಇದು ಲೀನಾಳ ಕೈ, ಎಲ್ಲಿದ್ರೂ ಗುರ್ತು ಹಿಡೀತೀನಿ ಅಂತವ್ರೆ."

ಆಮೇಲೆ ಲೀನಾ ಹೊಲಿದದ್ದನ್ನು ಎತ್ತಿ, ನನ್ನ ಕಡೆ ತಿರುಗಿ ನಕ್ಕು, ಇನ್ನೊಂದು ಮಾತು ಹೇಳಿದರು. ನಾಗರಾಜಪ್ಪ ಅದನ್ನು ಹೇಳಲು ತಡವರಿಸಿದರು.

"ಏನಂತ್ರಿ?"

"ಇದೂ ನಡೀತದೆ. ಇನ್ನೊಸಿ ಅಭ್ಯಾಸ ಆಗ್ಬೇಕು ಅಂತಾರೆ."

ನಾನು ಎದ್ದೆ. ಅದು ನನ್ನದಲ್ಲ, ಅವಳದು ಎಂದು ಕೈ ಸನ್ನೆಯಲ್ಲಾದರೂ ಹೇಳಬೇಕೆಂದಿದ್ದೆ. ಹಿಂದಿನಿಂದ ನನ್ನ ಹೆಗಲ ಮೇಲೆ ಒಂದು ಕೈ ಬಂತು. ಲೀನಾ ನನ್ನನ್ನು ಒತ್ತಿ ಕೂರಿಸಿದಳು. ಯಜಮಾನರಿಗೆ ಹೌದೆಂದು ತಲೆಯಾಡಿಸಿದಳು. ಅವರು ಸಂತೋಷಪಟ್ಟು ಎರಡೂ ಪ್ಯಾಂಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟರು. ನಾಗರಾಜಪ್ಪ ಅವರ ಹಿಂದೆ ಹೋದರು.

ಲೀನಾ ತನ್ನ ಮಶೀನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟಳು. ಚಕ್ರ ಕೈಯಿಂದ ಎರಡು ಸುತ್ತು ತಿರುಗಿಸಿ, ಇಳಿದ ಎಣ್ಣೆ ಒರೆಸಿ, ಬಟ್ಟೆ ಹೊದಿಸಿದಳು. ಗಡಿಯಾರದಲ್ಲಿ ನಾಲ್ಕು ಗಂಟೆ. ಕೆಲಸ ಬಿಡುವುದು ಐದಕ್ಕೆ. ಉಳಿದ ಇಬ್ಬರು ಗಡಿಯಾರ ನೋಡಿದರು, ಅವಳ ಮುಖ ನೋಡಿದರು, ತಮ್ಮ ಮಶೀನುಗಳನ್ನೂ ನಿಲ್ಲಿಸಿದರು. ಮೂವರೂ ಕೈಚೀಲ ತೆಗೆದುಕೊಂಡು ಬಿಸಿಲಿಗೆ ಹೋದರು. ಏರುದಾರಿಯಲ್ಲಿ ಯಾರೋ ಒಬ್ಬಳು ಜೋರಾಗಿ ನಕ್ಕದ್ದು ಕೇಳಿಸಿತು. ಲೀನಾ ಇರಬೇಕು. ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನನ್ನ ಮುಂದೆ ಇನ್ನೂ ಎರಡು ಪೀಸಿದ್ದವು. ಊರಿಗೆ ತೋರಿಸಲು ಒಯ್ಯಬೇಕಾದವು. ಒಬ್ಬಳೇ ಕೂತು ಹೊಲಿದೆ. ಎಲ್ಲೂ ಸುಕ್ಕು ಬರಲಿಲ್ಲ.